ಲೇಡಿ ಮೇರಿ ವರ್ಟ್‌ಲಿ ಮಾಂಟಗ್ಯು: ಪರದೇಶವಾಸವೂ ಪತ್ರಕಲೆಯೂ

೧

ಇಂಗ್ಲಿಷ್ ಸಾಹಿತ್ಯದ ಚರಿತ್ರಕಾರರು ೧೮ನೆಯ ಶತಮಾನವನ್ನು ಗದ್ಯದ ಯುಗವೆಂದು ಕರೆಯುವುದುಂಟು. ಪ್ರಬಂಧ, ವಿಡಂಬನೆ, ಕಾದಂಬರಿಗಳೊಡನೆ ಪತ್ರವೂ ಆ ಕಾಲದಲ್ಲಿ ಒಂದು ಸಾಹಿತ್ಯಪ್ರಕಾರವಾಗಿ ಬಲಿಯಿತು. ಒಬ್ಬರಿಗೆಂದು ಬರೆದ ಕಾಗದವನ್ನು ಹತ್ತು ಮಂದಿ ಓದುತ್ತಿದ್ದರು. ಬರೆಯುವವರಿಗೂ ಇದು ತಿಳಿದೇ ಇರುತ್ತಿತ್ತು. ಈ ಪರಂಪರೆಯಲ್ಲಿ ಲೇಡಿ ಮೇರಿ ವರ್ಟ್‌ಲಿ ಮಾಂಟಗ್ಯುವಿನ (೧೬೮೯-೧೭೬೨) ಸ್ಥಾನ ವಿಶಿಷ್ಟವಾದದ್ದು. ಡ್ಯೂಕ್ ಪದವಿಗೇರಿದ ಮನೆತನದ ಮಗಳು, ರಾಯಭಾರಿಯ ಹೆಂಡತಿ, ತನ್ನ ಬಾಳಿನ ಕಾಲು ಭಾಗಕ್ಕೂ ಮಿಕ್ಕಿದ ಕಾಲವನ್ನು ಸ್ವದೇಶದ ಹೊರಗೆ ಕಳೆದವಳು. ಆಕೆಯ ಬರವಣಿಗೆಯಲ್ಲಿ ಉಳಿಯತಕ್ಕದ್ದೆಲ್ಲವೂ ಬಹುಮಟ್ಟಿಗೆ ಈ ಪರದೇಶವಾಸದ ಫಲವೇ ಆಗಿದೆ.

ಈ ಪತ್ರಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ತುರ್ಕಿಯಿಂದ ಬರೆದ ಪತ್ರಗಳು ಕಣ್ಣಾರೆ ಕಂಡವಳ ಸಾಕ್ಷ್ಯ, ಆದ್ದರಿಂದ ಅವೇ ಆಕೆಯ ಸಾಧನೆಯ ಶಿಖರ, ಎಂಬುದು ಒಂದು. ಇಟಲಿಯಿಂದ ಮಗಳಿಗೆ ಬರೆದ ಪತ್ರಗಳು ಇಳಿವಯಸ್ಸಿನ ಒಬ್ಬ ಶ್ರೀಮಂತ ಮಹಿಳೆಯ ಕಾಲಹರಣದ ಮಾತು, ಆದ್ದರಿಂದ ಅವು ಗೌಣ, ಎಂಬುದು ಇನ್ನೊಂದು. ಎರಡನ್ನೂ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಪತ್ರವು ಸತ್ಯವನ್ನು ನುಡಿಯುವ ಬಗೆ ಯಾವುದು, ಅದನ್ನು ಪ್ರಮಾಣವಾಗಿ ಬಳಸುವ ವಿದ್ಯಾರ್ಥಿಯು ಎಲ್ಲಿ ಎಚ್ಚರದಿಂದಿರಬೇಕು ಎಂಬ ಪ್ರಶ್ನೆಯೂ ಇದರಲ್ಲಿ ಅಡಗಿದೆ.

೨

ಮೊದಲು ಜೀವನದ ಮುಖ್ಯಾಂಶಗಳನ್ನು ಸಂಗ್ರಹವಾಗಿ ಹೇಳಬಹುದು. ಮೇರಿ ಪಿಯರ್‌ಪಾಂಟ್ ಹುಟ್ಟಿದ್ದು ೧೬೮೯ರಲ್ಲಿ. ತಂದೆ ಈವಲಿನ್ ಪಿಯರ್‌ಪಾಂಟ್ ಮುಂದೆ ಕಿಂಗ್‌ಸ್ಟನ್ನಿನ ಡ್ಯೂಕ್ ಆದನು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಿಕೆ ತಂದೆಯ ಪುಸ್ತಕಭಂಡಾರದಲ್ಲಿ ಯಾರ ನೆರವೂ ಇಲ್ಲದೆ ಲ್ಯಾಟಿನ್ ಕಲಿತಳು. ತಂದೆ ನಿಶ್ಚಯಿಸಿದ ವರನನ್ನು ಒಪ್ಪದೆ ೧೭೧೨ರಲ್ಲಿ ಎಡ್ವರ್ಡ್ ವರ್ಟ್‌ಲಿ ಮಾಂಟಗ್ಯುವಿನೊಡನೆ ಮನೆ ಬಿಟ್ಟು ಹೋಗಿ ಮದುವೆಯಾದಳು. ೧೭೧೩ರಲ್ಲಿ ಮಗ ಹುಟ್ಟಿದನು. ಅದೇ ವರ್ಷ ಆಕೆಯ ಒಬ್ಬನೇ ತಮ್ಮ ಸಿಡುಬಿನಿಂದ ತೀರಿಕೊಂಡನು. ೧೭೧೫ರ ಡಿಸೆಂಬರಿನಲ್ಲಿ ಸಿಡುಬು ಆಕೆಯನ್ನೇ ಹಿಡಿಯಿತು. ಪ್ರಾಣ ಉಳಿಯಿತು, ಮುಖದಲ್ಲಿ ಕಲೆ ನಿಂತಿತು, ಕಣ್ಣಿನ ರೆಪ್ಪೆಗೂದಲು ಉದುರಿಹೋಯಿತು. ಆಸ್ಥಾನದಲ್ಲಿ ಚೆಲುವೆಯೆಂದು ಹೆಸರಾಗಿದ್ದವಳಿಗೆ ಆಗ ವಯಸ್ಸು ೨೬.

ಮರುವರ್ಷ ಪತಿಯನ್ನು ತುರ್ಕಿಯ ರಾಯಭಾರಿಯಾಗಿ ನೇಮಿಸಿದರು. ಆಸ್ಟ್ರಿಯಕ್ಕೂ ತುರ್ಕಿಗೂ ನಡೆಯುತ್ತಿದ್ದ ಯುದ್ಧದಲ್ಲಿ ಸಂಧಾನ ನಡೆಸುವುದು ಅವನ ಕೆಲಸ. ೧೭೧೬ರ ಆಗಸ್ಟಿನಲ್ಲಿ ಹೊರಟ ದಂಪತಿಗಳು ಹಾಲೆಂಡ್, ವಿಯೆನ್ನಾ, ಬೆಲ್‌ಗ್ರೇಡ್, ಸೋಫಿಯಾಗಳ ಮಾರ್ಗವಾಗಿ ಏಡ್ರಿಯನೋಪಲ್ ಸೇರಿ, ಅಲ್ಲಿಂದ ಕಾನ್‌ಸ್ಟಾಂಟಿನೋಪಲಿಗೆ ಹೋದರು. ಸಂಧಾನ ಫಲಿಸಲಿಲ್ಲ, ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡರು. ೧೭೧೮ರ ಜುಲೈನಲ್ಲಿ ತುರ್ಕಿಯನ್ನು ಬಿಟ್ಟು ಟ್ಯೂನಿಸ್, ಜಿನೋವಾ, ಪ್ಯಾರಿಸ್‌ಗಳ ಮೂಲಕ ಅದೇ ವರ್ಷ ಅಕ್ಟೋಬರಿನಲ್ಲಿ ಲಂಡನ್ನಿಗೆ ಮರಳಿದರು. ತುರ್ಕಿಯ ವಾಸ ಒಟ್ಟು ಸುಮಾರು ಒಂದೂವರೆ ವರ್ಷದ್ದು.

ಎರಡನೆಯ ಪರದೇಶವಾಸ ಇದಕ್ಕಿಂತ ತೀರ ಬೇರೆ. ೧೭೩೯ರಲ್ಲಿ, ೫೦ನೆಯ ವಯಸ್ಸಿನಲ್ಲಿ, ಆರೋಗ್ಯದ ನೆವವನ್ನು ಮುಂದೊಡ್ಡಿ ಆಕೆ ಒಬ್ಬಳೇ ಇಂಗ್ಲೆಂಡನ್ನು ಬಿಟ್ಟಳು. ತನಗಿಂತ ೨೩ ವರ್ಷ ಚಿಕ್ಕವನಾದ ಫ್ರಾನ್ಸೆಸ್ಕೊ ಅಲ್ಗರೊಟ್ಟಿ ಎಂಬ ಇಟಲಿಯ ವಿದ್ವಾಂಸನ ಮೇಲಿನ ಅನುರಾಗವೇ ನಿಜವಾದ ಕಾರಣ. ಅವನು ಪ್ರಷ್ಯದ ಫ್ರೆಡರಿಕನ ಆಶ್ರಯವನ್ನು ಅರಸಿ ಹೋದನು. ೧೭೪೧ರಲ್ಲಿ ಟ್ಯೂರಿನ್‌ನಲ್ಲಿ ಇಬ್ಬರೂ ಕೂಡಿದರೂ ಆ ಸಂಬಂಧ ಅಲ್ಲಿಗೇ ಮುಗಿಯಿತು. ಆಕೆ ಮಾತ್ರ ಹಿಂದಿರುಗಲಿಲ್ಲ. ಅವಿನ್ಯೋನಿನಲ್ಲಿ ನಾಲ್ಕು ವರ್ಷ, ಬ್ರೆಷಾ ಪ್ರಾಂತದ ಗೊಟ್ಟೊಲೆಂಗೊ ಎಂಬ ಹಳ್ಳಿಯಲ್ಲಿಯೂ ಈಸಿಯೊ ಸರೋವರದ ದಡದ ಲೊವೆರೆಯಲ್ಲಿಯೂ ಹತ್ತು ವರ್ಷ, ಆಮೇಲೆ ಪಾದುವಾ ಮತ್ತು ವೆನಿಸ್ ನಗರಗಳಲ್ಲಿ—ಹೀಗೆ ೨೨ ವರ್ಷಗಳು ಕಳೆದವು. ಪತಿಯ ಮುಖವನ್ನು ಆಕೆ ಮತ್ತೆ ನೋಡಲಿಲ್ಲ. ೧೭೬೧ರಲ್ಲಿ ಅವನು ತೀರಿಕೊಂಡ ಮೇಲೆ ಹೊರಟು, ೧೭೬೨ರ ಜನವರಿಯಲ್ಲಿ ಲಂಡನ್ ಸೇರಿ, ಆಗಸ್ಟ್ ೨೧ರಂದು ಸ್ತನದ ಅರ್ಬುದರೋಗದಿಂದ ಮೃತಳಾದಳು.

೩

ತುರ್ಕಿಯ ಪತ್ರಗಳನ್ನು ಓದುವವರು ಮೊದಲು ತಿಳಿಯಬೇಕಾದದ್ದು ಅವುಗಳ ರೂಪದ ವಿಚಾರ. ೧೭೬೩ರಲ್ಲಿ, ಲೇಖಕಿ ಮಡಿದ ಮರುವರ್ಷ, ಮೂರು ಸಂಪುಟಗಳಲ್ಲಿ ಅಚ್ಚಾದ ಈ ಪತ್ರಗಳು ಅಂಚೆಯಲ್ಲಿ ಹೋದ ಕಾಗದಗಳ ಯಥಾಪ್ರತಿಯಲ್ಲ. ಪ್ರಯಾಣದಲ್ಲಿ ಬರೆದ ಕಾಗದಗಳನ್ನೂ ದಿನಚರಿಯನ್ನೂ ಆಧಾರವಾಗಿಟ್ಟುಕೊಂಡು, ಆಕೆ ಊರಿಗೆ ಮರಳಿದ ಮೇಲೆ ಬೇಕಾದಂತೆ ಜೋಡಿಸಿ, ತಿದ್ದಿ, ಅಂದವಾಗಿ ಬರೆದಿಟ್ಟ ಹಸ್ತಪ್ರತಿ ಇದು. ಇದಕ್ಕೆ ಪತ್ರಗಳಲ್ಲಿಯೇ ಸಾಕ್ಷಿಯಿದೆ. ೧೭೧೭ರ ಏಪ್ರಿಲ್ ೧ ಎಂಬ ಒಂದೇ ತೇದಿಯನ್ನು ಹೊತ್ತ ದೀರ್ಘಪತ್ರಗಳು ಅನೇಕವಿವೆ. ಸೋಫಿಯಾದ ಸ್ನಾನಗೃಹದ ವರ್ಣನೆ, ಸಿಡುಬಿನ ಚಿಕಿತ್ಸೆಯ ವಿವರ, ಕವಿ ಪೋಪನಿಗೆ ಬರೆದ ತುರ್ಕಿ ಕಾವ್ಯದ ವಿಚಾರ—ಇವೆಲ್ಲವೂ ಆ ಒಂದೇ ದಿನದವು. ಒಂದೇ ದಿನದಲ್ಲಿ ಇಷ್ಟನ್ನೂ ಒಬ್ಬರು ಬರೆದರೆಂದು ನಂಬುವುದು ಕಷ್ಟ. ಮತ್ತೊಂದು ಸೂಕ್ಷ್ಮವನ್ನೂ ಗಮನಿಸಬೇಕು: ವಿಷಯಕ್ಕೆ ತಕ್ಕ ಸ್ವೀಕರ್ತರನ್ನು ಆರಿಸಿದೆ. ಉಡುಪಿನ ವಿಚಾರ ಸೋದರಿಗೆ, ಕಾವ್ಯದ ವಿಚಾರ ಪೋಪನಿಗೆ, ಮತಧರ್ಮದ ವಿಚಾರ ಇಟಲಿಯ ಪಾದ್ರಿ ಕಾಂಟಿಗೆ. ಒಂದೇ ಅನುಭವವನ್ನು ಭಾಗಮಾಡಿ ಹಂಚಿರುವ ಈ ಕ್ರಮದಲ್ಲಿ ಗ್ರಂಥಕರ್ತೃವಿನ ಯೋಜನೆ ಸ್ಪಷ್ಟವಾಗಿ ಕಾಣುತ್ತದೆ.

ರಾಬರ್ಟ್ ಹಾಲ್ಸ್‌ಬ್ಯಾಂಡ್ ೧೯೬೫ರಿಂದ ೧೯೬೭ರವರೆಗೆ ಮೂರು ಸಂಪುಟಗಳಲ್ಲಿ ಸಂಪಾದಿಸಿದ ಸಮಗ್ರ ಪತ್ರಗಳಿಂದಲೂ, ಇಸೊಬೆಲ್ ಗ್ರಂಡಿ ೧೯೯೯ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಿಂದಲೂ ಈ ಸಂಗತಿ ಖಚಿತವಾಗಿದೆ. ಆದರೆ ಇದರಿಂದ ಪತ್ರಗಳು ಕಲ್ಪಿತವೆಂದು ಸಾಧಿಸಿದಂತಾಗುವುದಿಲ್ಲ. ತಿದ್ದಿದ್ದೆಲ್ಲ ಸುಳ್ಳು ಎಂಬುದು ಅವಸರದ ತೀರ್ಮಾನ. ತಿದ್ದುವಾಗ ಲೇಖಕಿ ಏನನ್ನು ಎತ್ತಿ ಹಿಡಿದಳು, ಯಾರ ವಿರುದ್ಧ ವಾದ ಹೂಡಿದಳು ಎಂಬುದನ್ನು ನೋಡಬೇಕು.

ವಾದದ ಎದುರಾಳಿಗಳು ಸ್ಪಷ್ಟವಾಗಿಯೇ ಇದ್ದಾರೆ. ರೈಕೋ, ಡ್ಯೂಮಾಂ, ಏರನ್ ಹಿಲ್ ಮೊದಲಾದ ಹಿಂದಿನ ಪ್ರವಾಸಗ್ರಂಥಕಾರರು ತುರ್ಕಿಯ ಅಂತಃಪುರಗಳನ್ನು ಕುರಿತು ಧಾರಾಳವಾಗಿ ಬರೆದಿದ್ದರು. ಗಂಡಸರಾದ ಇವರಿಗೆ ಆ ಬಾಗಿಲುಗಳು ತೆರೆಯುವಂತಿರಲಿಲ್ಲ. ಕಾಣದ ಹೆಂಗಸರ ದುಃಖವನ್ನು ಕಂಡವರಂತೆ ಇವರು ವರ್ಣಿಸಿದರೆಂದು ಲೇಡಿ ಮೇರಿ ಹಾಸ್ಯ ಮಾಡುತ್ತಾಳೆ. ಹೆಣ್ಣಾದುದರಿಂದ ಆಕೆಗೆ ಒಳಹೋಗುವ ಅಧಿಕಾರ ದೊರೆಯಿತು. ರಾಯಭಾರಿಯ ಪತ್ನಿಯಾದುದರಿಂದ ಗೌರವದ ಸ್ವಾಗತ ದೊರೆಯಿತು. ಆಕೆಯ ಸಾಕ್ಷ್ಯದ ಬಲ ಇರುವುದು ಇವೆರಡರಲ್ಲಿ. ಮಿತಿಯೂ ಇಲ್ಲಿಯೇ ಇದೆಯೆಂಬುದನ್ನು ಮುಂದೆ ನೋಡಬಹುದು.

೪

ಸೋಫಿಯಾದ ಸ್ನಾನಗೃಹದ ಪತ್ರ ಯುರೋಪಿನಲ್ಲಿ ಬಹಳ ಪ್ರಸಿದ್ಧಿ ಪಡೆಯಿತು. ಸುಮಾರು ೨೦೦ ಮಂದಿ ಹೆಂಗಸರು ಬತ್ತಲೆಯಾಗಿ ಕಲ್ಲಿನ ಜಗಲಿಗಳ ಮೇಲೆ ಕುಳಿತು ಮಾತನಾಡುತ್ತಿದ್ದಾರೆ, ಕಾಫಿ ಕುಡಿಯುತ್ತಿದ್ದಾರೆ, ಕೈಕೆಲಸ ಮಾಡುತ್ತಿದ್ದಾರೆ. ನಡುವೆ ಕುದುರೆಸವಾರಿಯ ಉಡುಪಿನಲ್ಲಿ ನಿಂತ ಪರದೇಶಿ ಹೆಂಗಸು. ಯಾರೂ ಆಕೆಯನ್ನು ನೋಡಿ ನಗಲಿಲ್ಲ, ಪಿಸುಗುಟ್ಟಲಿಲ್ಲ; ಇಂಗ್ಲೆಂಡಿನ ಆಸ್ಥಾನದಲ್ಲಿ ವಿಚಿತ್ರ ಉಡುಪಿನವಳೊಬ್ಬಳಿಗೆ ಇಂಥ ಮರ್ಯಾದೆ ದೊರೆಯುತ್ತಿರಲಿಲ್ಲವೆಂದು ಲೇಖಕಿ ಹೇಳುತ್ತಾಳೆ. ಅವರು ಬಲವಂತಮಾಡಲು ಆಕೆ ಅಂಗಿಯನ್ನು ಸಡಲಿಸಿ, ಎದೆ ನಡುಗಳನ್ನು ಬಿಗಿದ ಒಳಕವಚವನ್ನು ತೋರಿಸಿದಳು. ಅದನ್ನು ಕಂಡ ಹೆಂಗಸರು, ಗಂಡನು ಈಕೆಯನ್ನು ಈ ಯಂತ್ರದಲ್ಲಿ ಇಟ್ಟು ಬೀಗ ಹಾಕಿದ್ದಾನೆ, ಬಿಚ್ಚುವುದು ಈಕೆಯ ಕೈಯಲ್ಲಿಲ್ಲ, ಎಂದುಕೊಂಡರು.

ಈ ಒಂದು ಘಟನೆಯಲ್ಲಿ ಲೇಖಕಿಯ ಕಲೆಯೆಲ್ಲವೂ ಅಡಗಿದೆ. ಸೆರೆಯಲ್ಲಿರುವವರು ತುರ್ಕಿಯ ಹೆಂಗಸರೆಂದು ನಂಬಿ ಬಂದ ಯುರೋಪಿನವಳೇ ಅವರ ಕಣ್ಣಿಗೆ ಸೆರೆಯಾಳು. ನೋಡುವವಳು ನೋಟಕ್ಕೆ ವಸ್ತುವಾಗುತ್ತಾಳೆ. ಫ್ರಾನ್ಸಿನ ಚಿತ್ರಕಾರ ಆಂಗ್ರ್ ಈ ಪತ್ರದ ಭಾಗಗಳನ್ನು ತನ್ನ ಟಿಪ್ಪಣಿಪುಸ್ತಕದಲ್ಲಿ ನಕಲು ಮಾಡಿಟ್ಟುಕೊಂಡಿದ್ದನು. ೧೮೬೨ರಲ್ಲಿ ಮುಗಿಸಿದ ಅವನ ತುರ್ಕಿ ಸ್ನಾನಗೃಹದ ಚಿತ್ರಕ್ಕೆ ಇದೂ ಒಂದು ಮೂಲ. ಪೂರ್ವದೇಶವನ್ನು ಕಾಣದ ಆ ಚಿತ್ರಕಾರ ನಗ್ನದೇಹಗಳನ್ನು ಉಳಿಸಿಕೊಂಡು, ಉಡುಪು ತೊಟ್ಟು ನಡುವೆ ನಿಂತವಳನ್ನು ಬಿಟ್ಟನು. ಪತ್ರದ ವಿನೋದವೂ ವಿಚಾರವೂ ಚಿತ್ರದಲ್ಲಿ ಹಾಗೆಯೇ ಬಿಟ್ಟುಹೋದವು.

ಇಷ್ಟಾದರೂ ಪತ್ರವನ್ನು ಎರಡನೆಯ ಬಾರಿ ಓದಿದಾಗ ಇನ್ನೊಂದು ಸಂಗತಿ ಹೊಳೆಯುತ್ತದೆ. ಬತ್ತಲೆಯಲ್ಲಿ ಒಡತಿಗೂ ದಾಸಿಗೂ ಉಡುಪಿನ ಭೇದವಿಲ್ಲವೆಂದು ಲೇಖಕಿ ಮೆಚ್ಚಿ ಬರೆಯುತ್ತಾಳೆ. ಆದರೆ ಅದೇ ವಾಕ್ಯದಲ್ಲಿ ಒಡತಿಯರು ಮುಂದಿನ ಸಾಲಿನಲ್ಲಿ ರತ್ನಗಂಬಳಿಯ ಮೇಲೆ, ದಾಸಿಯರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಹದಿನೇಳು ಹದಿನೆಂಟರ ಈ ಹುಡುಗಿಯರು ಒಡತಿಯರ ಜಡೆ ಹೆಣೆಯುತ್ತಿದ್ದಾರೆ. ಕಣ್ಣು ಕಂಡದ್ದನ್ನು ಬುದ್ಧಿ ಗಣಿಸಲಿಲ್ಲ. ದಾಸಿಯರನ್ನು ತುರ್ಕರು ದಯೆಯಿಂದ ನಡೆಸಿಕೊಳ್ಳುತ್ತಾರೆ, ಯುರೋಪಿನ ಸೇವಕರ ಸ್ಥಿತಿ ಇದಕ್ಕಿಂತ ಮೇಲಲ್ಲ, ಎಂದು ಬೇರೊಂದೆಡೆ ವಾದಿಸುವಾಗಲೂ ಆಕೆ ಒಡತಿಯ ಮಗ್ಗುಲಲ್ಲಿಯೇ ಕುಳಿತು ನೋಡುತ್ತಾಳೆ. ಕುಲೀನತೆ ಆಕೆಗೆ ತೆರೆದ ಬಾಗಿಲೂ ಹೌದು, ಕಣ್ಣಿಗೆ ಕಟ್ಟಿದ ಪಟ್ಟಿಯೂ ಹೌದು.

ಮುಸುಕಿನ ವಿಚಾರದಲ್ಲಿ ಇದು ಇನ್ನೂ ಗಾಢವಾಗಿದೆ. ತುರ್ಕಿಯ ಹೆಂಗಸರೇ ಆ ಸಾಮ್ರಾಜ್ಯದಲ್ಲಿ ನಿಜವಾಗಿ ಸ್ವತಂತ್ರರೆಂಬುದು ಲೇಡಿ ಮೇರಿಯ ಪ್ರಸಿದ್ಧವಾದ ಪ್ರತಿಪಾದನೆ. ಮುಸುಕು ಹಾಕಿ ಬೀದಿಯಲ್ಲಿ ನಡೆವವಳನ್ನು ಗಂಡನೂ ಗುರುತಿಸಲಾರ. ಆದ್ದರಿಂದ ಆಕೆ ಎಲ್ಲಿಗೆ ಬೇಕಾದರೂ ಹೋಗಬಹುದು. ಜೊತೆಗೆ ಸ್ತ್ರೀಧನ ಆಕೆಯ ಕೈಯಲ್ಲಿಯೇ ಇರುತ್ತದೆ. ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿಯ ಹಕ್ಕು ಬಹುಮಟ್ಟಿಗೆ ಇಲ್ಲದಿದ್ದ ಅಂದಿನ ಇಂಗ್ಲೆಂಡಿನಿಂದ ಬಂದವಳಿಗೆ ಈ ಕೊನೆಯ ಮಾತು ಹಗುರವಾದದ್ದಲ್ಲ. ಇಲ್ಲಿ ತುರ್ಕಿಯನ್ನು ಹೊಗಳುವುದಕ್ಕಿಂತ ಇಂಗ್ಲೆಂಡನ್ನು ಚುಚ್ಚುವುದೇ ಆಕೆಯ ಉದ್ದೇಶವೆನ್ನಬಹುದು.

ಆದರೆ ಇದೇ ಸಂಗ್ರಹದ ಮತ್ತೊಂದು ಪತ್ರದಲ್ಲಿ ಬೇರೆ ಬಗೆಯ ಮುಸುಕು ಕಾಣಬರುತ್ತದೆ. ಕಾನ್‌ಸ್ಟಾಂಟಿನೋಪಲಿನ ಪೇರಾ ಭಾಗದಲ್ಲಿ, ಆಕೆಯ ಮನೆಗೆ ಅಷ್ಟೇನೂ ದೂರವಿಲ್ಲದ ಎಡೆಯಲ್ಲಿ, ಒಂದು ಬೆಳಗಿನ ಜಾವ ಒರಟು ಬಟ್ಟೆಯಲ್ಲಿ ಸುತ್ತಿದ ತರುಣಿಯೊಬ್ಬಳ ಹೆಣ ಸಿಕ್ಕಿತು. ಮೈಯಲ್ಲಿ ಚೂರಿಯ ಎರಡು ಗಾಯ. ದೇಹ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಪೇರಾದ ಗಂಡಸರೆಲ್ಲರೂ ಎಂಬಂತೆ ಬಂದು ನೋಡಿದರು. ಯಾರಿಗೂ ಗುರುತು ಸಿಕ್ಕಲಿಲ್ಲ. ಹೆಂಗಸಿನ ಮುಖವನ್ನು ಯಾರೂ ಕಂಡಿರದ ಊರಿನಲ್ಲಿ ಗುರುತು ಸಿಕ್ಕುವುದಾದರೂ ಹೇಗೆ? ವಿಚಾರಣೆ ಹೆಚ್ಚಾಗಿ ನಡೆಯಲಿಲ್ಲ; ಸದ್ದಿಲ್ಲದೆ ಹೂಳಿದರು. ಬದುಕಿರುವವಳಿಗೆ ಸ್ವಾತಂತ್ರ್ಯವನ್ನು ಕೊಟ್ಟ ಮರೆಯೇ ಸತ್ತವಳ ಹೆಸರನ್ನೂ ನುಂಗಿತು. ಲೇಖಕಿ ಈ ಎರಡು ಪತ್ರಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ತೂಗಲಿಲ್ಲ. ಹಾಗಿದ್ದರೂ ತಿದ್ದುವಾಗ ಎರಡನೆಯದನ್ನು ತೆಗೆದುಹಾಕಲೂ ಇಲ್ಲ. ತನ್ನ ವಾದಕ್ಕೆ ವಿರುದ್ಧವಾದ ಸಾಕ್ಷ್ಯವನ್ನೂ ಗ್ರಂಥದಲ್ಲಿ ಉಳಿಸಿಕೊಂಡ ಈ ಪ್ರಾಮಾಣಿಕತೆಯೇ ಸಂಗ್ರಹದ ನಿಜವಾದ ಮೌಲ್ಯ. ವಾದದಲ್ಲಿ ಆಕೆ ಪಕ್ಷಪಾತಿ; ವರ್ಣನೆಯಲ್ಲಿ ಅಲ್ಲ. ವಿದ್ಯಾರ್ಥಿಯು ಇವೆರಡನ್ನೂ ಬೇರ್ಪಡಿಸಿ ಓದತಕ್ಕದ್ದು.

೫

ವರ್ಣನೆ ಗೆದ್ದ ಎರಡು ಸಂದರ್ಭಗಳನ್ನು ಇಲ್ಲಿ ಎತ್ತಿ ತೋರಿಸಬೇಕು. ಮೊದಲನೆಯದು ಕಾವ್ಯಕ್ಕೆ ಸಂಬಂಧಪಟ್ಟದ್ದು. ಬೆಲ್‌ಗ್ರೇಡಿನಲ್ಲಿ ಇಳಿದುಕೊಂಡಿದ್ದ ಮನೆಯ ಯಜಮಾನನಾದ ಅಹಮದ್ ಬೇಗ್ ಎಂಬ ವಿದ್ವಾಂಸನಿಂದ ಆಕೆ ಪೂರ್ವದೇಶದ ಕಾವ್ಯದ ರುಚಿಯನ್ನು ಕಂಡಿದ್ದಳು. ಏಡ್ರಿಯನೋಪಲಿನಿಂದ ಪೋಪನಿಗೆ ಬರೆದ ಪತ್ರದಲ್ಲಿ, ಇಬ್ರಾಹಿಂ ಪಾಷಾ ತನಗೆ ನಿಶ್ಚಿತಳಾದ ಸುಲ್ತಾನನ ಮಗಳ ಮೇಲೆ ಕಟ್ಟಿದ ಪದ್ಯವನ್ನು ಮೊದಲು ಪದಕ್ಕೆ ಪದವಿಟ್ಟು ಅನುವಾದಿಸಿ, ಬಳಿಕ ಇಂಗ್ಲಿಷ್ ಛಂದಸ್ಸಿನಲ್ಲಿಯೂ ಬರೆದು ಕಳುಹಿಸಿದ್ದಾಳೆ. ಅನುವಾದಕರು ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ಕೊಡುತ್ತಾರೆ. ಎರಡನ್ನೂ ಕೊಟ್ಟು, ಮೂಲದಲ್ಲಿ ಏನಿತ್ತು, ತಾನು ಮಾಡಿದ್ದೇನು, ಎಂಬುದನ್ನು ಓದುಗನ ಮುಂದಿಟ್ಟದ್ದು ಆ ಕಾಲಕ್ಕೆ ವಿರಳವಾದ ವಿವೇಕ.

ಅಲ್ಲಿ ಪ್ರಿಯೆಯ ಕಣ್ಣನ್ನು ಜಿಂಕೆಯ ಕಣ್ಣಿಗೆ ಹೋಲಿಸಿದ ವಿಶೇಷಣವೊಂದಿದೆ. ಇಂಗ್ಲಿಷಿನಲ್ಲಿ ಅದರ ಶಬ್ದ ಇಂಪಾಗಿಲ್ಲವೆಂದು ಆಕೆ ಒಪ್ಪುತ್ತಾಳೆ. ಆದರೂ ನಲ್ಲೆಯ ನೋಟದ ಉರಿಯನ್ನೂ ಉದಾಸೀನತೆಯನ್ನೂ ಒಟ್ಟಿಗೆ ಹಿಡಿದ ಸಜೀವ ಚಿತ್ರವದು ಎಂದು ಮೆಚ್ಚಿ, ತನ್ನ ಪದ್ಯರೂಪದಲ್ಲಿಯೂ ಉಳಿಸಿಕೊಳ್ಳುತ್ತಾಳೆ. ಹರಿಣಾಕ್ಷಿ, ಎರಳೆಗಣ್ಣವಳು ಎಂಬ ಮಾತುಗಳನ್ನು ಹಳಗನ್ನಡದಿಂದ ಇಂದಿನವರೆಗೆ ಕೇಳಿ ಬಳಕೆಯಾದ ನಮಗೆ ಇದರಲ್ಲಿ ಬೆರಗೇನೂ ಕಾಣದು. ಬಳಕೆಯಿಂದಾಗಿ ನಮ್ಮಲ್ಲಿ ಆ ಮಾತು ಕೇವಲ ಮೃದುತ್ವವನ್ನೂ ಚಾಂಚಲ್ಯವನ್ನೂ ಸೂಚಿಸುವ ಸಂಕೇತವಾಗಿ ನಿಂತಿದೆ. ಅದರಲ್ಲಿ ಕಾಡಿನ ಪ್ರಾಣಿಯ ಬೆಂಕಿಯೂ ಮನುಷ್ಯನನ್ನು ಲೆಕ್ಕಿಸದ ದೂರವೂ ಇವೆಯೆಂಬುದನ್ನು ಹೊಸಬಳ ಕಿವಿ ಗುರುತಿಸಿತು. ಪರದೇಶಿಯ ನೋಟ ಹಳೆಯ ಉಪಮಾನವನ್ನು ಮತ್ತೆ ಹರಿತಮಾಡಬಲ್ಲದು ಎಂಬುದಕ್ಕೆ ಇದು ಸಣ್ಣದಾದರೂ ಒಳ್ಳೆಯ ನಿದರ್ಶನ.

ಎರಡನೆಯದು ಲೋಕಕ್ಕೆ ಹೆಚ್ಚು ಉಪಕಾರಮಾಡಿದ ಪತ್ರ. ಬಾಲ್ಯದ ಗೆಳತಿ ಸಾರಾ ಚಿಸ್‌ವೆಲ್‌ಗೆ ಬರೆದ ಇದರಲ್ಲಿ ಸಿಡುಬಿನ ರಸವನ್ನು ಆರೋಗ್ಯವಂತರ ಮೈಗೆ ಹತ್ತಿಸುವ ಕ್ರಮವನ್ನು ಆಕೆ ವಿವರಿಸುತ್ತಾಳೆ. ಬಿಸಿಲು ತಗ್ಗುವ ಸೆಪ್ಟೆಂಬರಿನಲ್ಲಿ ಹದಿನೈದು ಹದಿನಾರು ಮಂದಿ ಒಂದೆಡೆ ಸೇರುತ್ತಾರೆ. ಮುದುಕಿಯೊಬ್ಬಳು ಕಾಯಿಯ ಚಿಪ್ಪಿನಲ್ಲಿ ರಸವನ್ನು ತಂದು, ದೊಡ್ಡ ಸೂಜಿಯಿಂದ ನರವನ್ನು ಬಿಡಿಸಿ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟನ್ನು ಒಳಗಿಟ್ಟು ಕಟ್ಟುತ್ತಾಳೆ. ಎಂಟನೆಯ ದಿನದವರೆಗೆ ಮಕ್ಕಳು ಆಡಿಕೊಂಡಿರುತ್ತಾರೆ. ಆಮೇಲೆ ಜ್ವರ ಬಂದು ಎರಡು ಮೂರು ದಿನ ಮಲಗುತ್ತಾರೆ. ಮುಖದಲ್ಲಿ ಇಪ್ಪತ್ತು ಮೂವತ್ತು ಬೊಕ್ಕೆ ಎದ್ದರೂ ಕಲೆ ನಿಲ್ಲುವುದಿಲ್ಲ. ಈ ಪತ್ರದಲ್ಲಿ ಅಲಂಕಾರವಿಲ್ಲ. ತನ್ನ ಮುಖವನ್ನು ಕೆಡಿಸಿ, ತಮ್ಮನನ್ನು ಕೊಂಡೊಯ್ದ ರೋಗದ ವಿಷಯ ಬರೆಯುವಾಗಲೂ ಸ್ವಂತ ದುಃಖದ ಒಂದು ಮಾತೂ ಇಲ್ಲ. ಲೆಕ್ಕ, ದಿನ, ಕ್ರಮ—ಇಷ್ಟೇ. ಕೊನೆಯಲ್ಲಿ, ಆದಾಯ ತಪ್ಪುವುದೆಂದು ವೈದ್ಯರು ವಿರೋಧಿಸಿದರೂ ಊರಿಗೆ ಮರಳಿ ಅವರೊಡನೆ ಕಾದಾಡುವ ಧೈರ್ಯ ತನಗಿರಬಹುದೆಂಬ ಸೂಚನೆಯಿದೆ.

ಆ ಮಾತು ಬರಿಯ ಮಾತಾಗಿ ಉಳಿಯಲಿಲ್ಲ. ೧೭೧೮ರ ಮಾರ್ಚಿನಲ್ಲಿ ಗ್ರೀಕ್ ಮುದುಕಿಯೊಬ್ಬಳಿಂದಲೂ ರಾಯಭಾರದ ಶಸ್ತ್ರವೈದ್ಯ ಮೇಟ್‌ಲಂಡನಿಂದಲೂ ಮಗನಿಗೆ ಇದನ್ನು ಮಾಡಿಸಿದಳು. ೧೭೨೧ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ಸಿಡುಬು ಹಬ್ಬಿದ್ದಾಗ ಮಗಳಿಗೆ ಮಾಡಿಸಿದಳು. ಟಿಮೋನಿ, ಪಿಲಾರಿನಿ ಎಂಬ ವೈದ್ಯರ ವರದಿಗಳು ರಾಯಲ್ ಸೊಸೈಟಿಗೆ ಮೊದಲೇ ತಲುಪಿದ್ದವು. ಆದುದರಿಂದ ಈ ಪದ್ಧತಿಯನ್ನು ಮೊತ್ತಮೊದಲು ತಿಳಿಸಿದವಳು ಈಕೆಯೆಂಬ ಮಾತು ಸರಿಯಲ್ಲ. ವರದಿಯನ್ನು ಓದಿದವರು ಸುಮ್ಮನಿದ್ದರು. ಈಕೆ ತನ್ನ ಮಕ್ಕಳ ಮೈಯನ್ನು ಒಡ್ಡಿದಳು. ಇದರಿಂದ ಯಾರೂ ಸತ್ತದ್ದಿಲ್ಲವೆಂಬ ಪತ್ರದ ಹೇಳಿಕೆಯೂ ಅತಿಶಯೋಕ್ತಿ. ೧೭೨೦ರ ದಶಕದಲ್ಲಿ ವೈದ್ಯ ಜೂರಿನ್ ಹಾಕಿದ ಲೆಕ್ಕದಂತೆ ಸುಮಾರು ೫೦ ಮಂದಿಗೆ ಒಬ್ಬರು ಸಾಯುತ್ತಿದ್ದರು. ತಾನಾಗಿ ಬಂದ ಸಿಡುಬಿನಲ್ಲಿ ಸಾಯುತ್ತಿದ್ದವರು ಅದರ ಅನೇಕಪಾಲು. ಜೆನ್ನರ್ ೧೭೯೬ರಲ್ಲಿ ಗೋಸಿಡುಬಿನ ದಾಕು ಹಾಕುವುದನ್ನು ಕಂಡುಹಿಡಿಯುವವರೆಗೆ ಈ ಕ್ರಮವೇ ಆಸರೆಯಾಗಿತ್ತು. ೧೯೮೦ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಪತ್ರವನ್ನು ಪಡೆದ ಸಾರಾ ಚಿಸ್‌ವೆಲ್ ಮಾತ್ರ ೧೭೨೬ರಲ್ಲಿ ಸಿಡುಬಿನಿಂದಲೇ ತೀರಿಕೊಂಡಳು.

೬

ಇನ್ನು ಇಟಲಿಯ ಪತ್ರಗಳು. ಇವುಗಳಲ್ಲಿ ಬಹುಭಾಗ ಮಗಳಾದ ಲೇಡಿ ಬ್ಯೂಟ್‌ಗೆ ಬರೆದವು. ತುರ್ಕಿಯ ಪತ್ರಗಳಂತೆ ಇವನ್ನು ಲೇಖಕಿ ತಿದ್ದಿ ಜೋಡಿಸಲಿಲ್ಲ. ಇವು ಅಂಚೆಯಲ್ಲಿ ಹೋದ ನಿಜವಾದ ಕಾಗದಗಳು. ಹಾಗಾದರೆ ಇವುಗಳಲ್ಲಿ ಹೆಚ್ಚು ಸತ್ಯವಿರಬೇಕೆಂದು ತೋರುವುದು ಸಹಜ. ವಸ್ತುಸ್ಥಿತಿ ಬೇರೆ. ಅಲ್ಗರೊಟ್ಟಿಯ ಪ್ರಸಂಗ ಇಲ್ಲಿ ಮಗಳಿಗೆ ತಿಳಿಯುವುದಿಲ್ಲ. ಬ್ರೆಷಾದ ಉಗೊಲೀನೊ ಪಲಾಟ್ಸಿ ಎಂಬ ಕೌಂಟನು ಹತ್ತು ವರ್ಷಗಳ ಕಾಲ ಆಕೆಯ ಹಣ, ಒಡವೆ, ಭೂಮಿಗಳ ವ್ಯವಹಾರದಲ್ಲಿ ಮೋಸಮಾಡಿದನೆಂಬುದು, ಆಕೆ ಬಳಿಕ ಇಟಾಲಿಯನ್ ಭಾಷೆಯಲ್ಲಿ ಸಿದ್ಧಪಡಿಸಿದ ನಿವೇದನೆಯಿಂದ ತಿಳಿದುಬರುತ್ತದೆ. ಅವನ ಹಿಡಿತದಲ್ಲಿ ಆಕೆ ಸೆರೆಯಾಗಿದ್ದಾಳೆಂಬ ವದಂತಿ ಇಂಗ್ಲೆಂಡಿನವರೆಗೆ ಹೋಗಿತ್ತು. ಮಗಳಿಗೆ ಬರೆದ ಪತ್ರಗಳಲ್ಲಿ ಇದರ ಸುಳಿವು ಬಹಳ ಕಡಿಮೆ. ಪ್ರದರ್ಶನಕ್ಕೆಂದು ರಚಿಸಿದ ಪತ್ರಗಳಲ್ಲಿ ಕಂಡದ್ದನ್ನು ಬಿಚ್ಚಿ ಹೇಳಿದವಳು, ಕರುಳಿಗೆ ಹತ್ತಿರವಾದವಳಿಗೆ ಬರೆದ ನಿಜವಾದ ಪತ್ರಗಳಲ್ಲಿ ತನ್ನ ಬಾಳಿನ ಮುಖ್ಯ ಸಂಕಟವನ್ನು ಮುಚ್ಚಿಟ್ಟಳು. ಪತ್ರ ಸಹಜವಾದಷ್ಟೂ ಸತ್ಯ ಹೆಚ್ಚು ಎಂಬ ಸೂತ್ರ ಇಲ್ಲಿ ಮುರಿದು ಬೀಳುತ್ತದೆ.

ಆದರೂ ಇವುಗಳಲ್ಲಿ ತುರ್ಕಿಯ ಪತ್ರಗಳಲ್ಲಿಲ್ಲದ ಒಂದು ಗುಣವಿದೆ. ಅಲ್ಲಿ ಪರದೇಶವೆಂಬುದು ನೋಡತಕ್ಕ ವಸ್ತು. ಇಲ್ಲಿ ಅದು ಬಾಳುವ ನೆಲ. ೧೭೪೮ರ ಜುಲೈನಲ್ಲಿ ಗೊಟ್ಟೊಲೆಂಗೊದಿಂದ ಬರೆದ ಪತ್ರದಲ್ಲಿ ತನ್ನ ತೋಟದ ಮನೆಯ ದಿನಚರಿಯನ್ನು ಆಕೆ ಹೇಳುತ್ತಾಳೆ: ಬೆಳಗ್ಗೆ ಆರಕ್ಕೆ ಎದ್ದು ಕಳೆ ಕೀಳುವ ಹೆಂಗಸರೊಡನೆ ಒಂಬತ್ತರವರೆಗೆ ಕೆಲಸ, ಆಮೇಲೆ ಹಾಲುಮನೆ, ಕೋಳಿ, ರೇಷ್ಮೆಹುಳು, ಜೇನುಗಳ ತನಿಖೆ, ಮಧ್ಯಾಹ್ನ ಮುದುಕರಾದ ಪಾದ್ರಿಗಳೊಡನೆ ಇಸ್ಪೀಟು, ಸಂಜೆ ಕುದುರೆಸವಾರಿ ಇಲ್ಲವೆ ನದಿಯ ಮೇಲೆ ದೋಣಿ. ಮೂವತ್ತು ವರ್ಷ ಹಿಂದೆ ತುರ್ಕಿಯ ಒಡತಿಯರ ಮಗ್ಗುಲಲ್ಲಿ ಕುಳಿತು ಪಚ್ಚೆ ವಜ್ರಗಳ ಬೆಲೆ ಕಟ್ಟಿದವಳು ಈಗ ಕಳೆ ಕೀಳುವವರ ನಡುವೆ ಇದ್ದಾಳೆ. ಕುಲೀನತೆ ಮಾಯವಾಗಿಲ್ಲ, ಆದರೆ ಅದನ್ನು ತೋರಿಸಲು ಸುತ್ತಮುತ್ತ ಸಭೆಯೇ ಇಲ್ಲ.

ಮಗಳು ಇಂಗ್ಲೆಂಡಿನಿಂದ ಪೆಟ್ಟಿಗೆಯಲ್ಲಿ ಪುಸ್ತಕಗಳನ್ನು ಕಳುಹಿಸುತ್ತಿದ್ದಳು. ಅವುಗಳ ಮೇಲಿನ ಟಿಪ್ಪಣಿಗಳು ಸ್ವತಂತ್ರ ವಿಮರ್ಶೆಯಾಗಿಯೂ ಓದತಕ್ಕವು. ರಿಚರ್ಡ್‌ಸನ್ನನಿಗೆ ದೊಡ್ಡ ಮನೆತನಗಳ ನಡೆನುಡಿ ಗೊತ್ತಿಲ್ಲವೆಂದು ಹಳಿಯುತ್ತಾಳೆ. ಅವನ ಕ್ಲಾರಿಸ್ಸಾ ಕಾದಂಬರಿಯನ್ನು ಓದಿ ಅತ್ತೆನೆಂದೂ ಒಪ್ಪುತ್ತಾಳೆ. ತಂದೆ ನಿಶ್ಚಯಿಸಿದ ಮದುವೆಯಿಂದ ಓಡಿಹೋದ ಹುಡುಗಿಯ ಕಥೆ ಅದು. ಅಳು ಬಂದುದರಲ್ಲಿ ಆಶ್ಚರ್ಯವಿಲ್ಲ. ಈ ಒಪ್ಪಿಗೆಯಲ್ಲಿ ಅಭಿರುಚಿಗಿಂತ ಆಳವಾದದ್ದೊಂದು ಮಾತನಾಡುತ್ತಿದೆ. ಮತ್ತೊಂದು ಪತ್ರದಲ್ಲಿ, ಕೋಲನ್ನೇ ಕುದುರೆಮಾಡಿ ಸವಾರಿ ಮಾಡುವ ಪುಟ್ಟ ಮೊಮ್ಮಗನಿಗೂ ಹುಸಿಕಥೆಗಳನ್ನು ಓದುತ್ತ ಚಿಂತೆಯನ್ನು ಮರೆಯುವ ತನಗೂ ಹೆಚ್ಚು ಭೇದವಿಲ್ಲವೆನ್ನುತ್ತಾಳೆ. ಮನಸ್ಸನ್ನು ದಾರಿತಪ್ಪಿಸುವ ಚರಿತ್ರೆಗಿಂತ ಕಥೆಯೇ ವಾಸಿ ಎಂಬುದು ಅಲ್ಲಿನ ಧ್ವನಿ. ಎರಡು ಸಾಲಿನಲ್ಲಿ ಮುಪ್ಪಿನ ಏಕಾಂತವನ್ನು ಅಳುಕಿಲ್ಲದೆ, ಅಳಲಿಲ್ಲದೆ ಹೇಳಿದ ಇಂಥ ಭಾಗ ತುರ್ಕಿಯ ಪತ್ರಗಳಲ್ಲಿ ದೊರೆಯದು.

ಇವೆಲ್ಲಕ್ಕೂ ಮಿಗಿಲಾಗಿ ೧೭೫೩ರ ಜನವರಿ ೨೮ರ ಪತ್ರ ವಿಚಾರಾರ್ಹವಾದದ್ದು. ಮೊಮ್ಮಗಳ ವಿದ್ಯಾಭ್ಯಾಸದ ಬಗ್ಗೆ ಬರೆಯುತ್ತ, ಹುಡುಗಿಗೆ ಭಾಷೆ, ಚರಿತ್ರೆ, ಕಾವ್ಯಗಳನ್ನು ಕಲಿಸಲೇಬೇಕು, ಓದಿನಷ್ಟು ಅಗ್ಗದ, ಬಾಳಿಕೆ ಬರುವ ಸಂತೋಷ ಬೇರೆಯಿಲ್ಲ, ಎನ್ನುತ್ತಾಳೆ. ಆದರೆ ಕಲಿತದ್ದನ್ನು, ಕುಂಟನ್ನೋ ಮೈಯ ಡೊಂಕನ್ನೋ ಮರೆಮಾಡುವಷ್ಟು ಜಾಗ್ರತೆಯಿಂದ ಮರೆಮಾಡಬೇಕೆಂದೂ ಹೇಳುತ್ತಾಳೆ. ಹೇಡಿತನದ ಉಪದೇಶವಿದು ಎಂದು ಇಂದಿನ ಓದುಗರು ಮುನಿಯಬಹುದು. ಸಿಡುಬಿನ ಚಿಕಿತ್ಸೆಯನ್ನು ಸಮರ್ಥಿಸಿ ೧೭೨೨ರಲ್ಲಿ ಪತ್ರಿಕೆಗೆ ಬರೆದಾಗ ತುರ್ಕಿಯ ವರ್ತಕನೆಂಬ ಹೆಸರಿನಲ್ಲಿ ಬರೆದವಳು, ೧೭೩೭-೩೮ರಲ್ಲಿ ಹೆಸರಿಲ್ಲದೆ ರಾಜಕೀಯ ಪತ್ರಿಕೆಯೊಂದರ ಒಂಬತ್ತು ಸಂಚಿಕೆಗಳನ್ನು ಹೊರಡಿಸಿದವಳು, ಪೋಪನ ಪದ್ಯಗಳಲ್ಲಿ ಮತ್ತೆ ಮತ್ತೆ ನಿಂದೆಗೆ ಗುರಿಯಾದವಳು, ತನ್ನ ಬಾಳಿನ ಲೆಕ್ಕವನ್ನೇ ಇಲ್ಲಿ ಬರೆದಿದ್ದಾಳೆ. ಕುಂಟು ಎಂಬ ಹೋಲಿಕೆ ವಿದ್ಯೆಯ ನಿಂದೆಯಲ್ಲ. ಸಮಾಜದ ಕಣ್ಣಿನ ನಿಂದೆ. ಮುಸುಕಿನ ಮರೆಯಲ್ಲಿ ಸ್ವಾತಂತ್ರ್ಯವಿದೆಯೆಂದು ತುರ್ಕಿಯಲ್ಲಿ ಬರೆದ ಕೈಯೇ ವಿದ್ಯೆಗೂ ಒಂದು ಮುಸುಕನ್ನು ಹೊಲಿದುಕೊಟ್ಟಿದೆ. ಅಲ್ಲಿ ಜಾಣ ವಾದವಾಗಿದ್ದದ್ದು ಇಲ್ಲಿ ಅನುಭವವಾಗಿದೆ.

೭

ಮೇಲಿನ ವಿವೇಚನೆಯಿಂದ ಹೊರಡುವ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ತುರ್ಕಿಯ ಪತ್ರಗಳನ್ನು ಬರಿಯ ಸಾಕ್ಷ್ಯವೆಂದಾಗಲಿ, ತಿದ್ದಿದವೆಂಬ ಕಾರಣದಿಂದ ಬರಿಯ ಕಟ್ಟುಕಥೆಯೆಂದಾಗಲಿ ಓದಬಾರದು. ಅವು ಇಂಗ್ಲೆಂಡಿನ ಮುಂದೆ ತುರ್ಕಿಯನ್ನು ಕನ್ನಡಿಯಂತೆ ಹಿಡಿದ ಪ್ರಬಂಧಗಳು; ಅವುಗಳ ವಾದಕ್ಕಿಂತ ವಿವರ ಹೆಚ್ಚು ನಂಬತಕ್ಕದ್ದು. ಇಟಲಿಯ ಪತ್ರಗಳು ಸಂಗತಿಗಳ ದೃಷ್ಟಿಯಿಂದ ಮುಚ್ಚುಮರೆಯವು; ಆದರೆ ಭಾವದ ದೃಷ್ಟಿಯಿಂದ ಮೊದಲಿನವುಗಳಿಗಿಂತ ಪಕ್ವವಾದವು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಜಾಣೆಯಾದ ಪ್ರವಾಸಿ ದೊರೆಯುತ್ತಾಳೆ, ಇಲ್ಲವೆ ಒಂಟಿಯಾದ ಮುದುಕಿ ದೊರೆಯುತ್ತಾಳೆ. ಲೇಖಕಿ ದೊರೆಯುವುದು ಎರಡನ್ನೂ ಕೂಡಿ ಓದಿದಾಗ ಮಾತ್ರ.

ಮಗಳಿಗೆ ಹೇಳಿದ ಉಪದೇಶವನ್ನು ಆಕೆ ಕೊನೆಗೆ ತಾನೇ ಮೀರಿದಳು. ಪರಮಮಿತ್ರಳಾದ ಮೇರಿ ಆಸ್ಟೆಲ್ ೧೭೨೪ರಲ್ಲಿ ತುರ್ಕಿಯ ಪತ್ರಗಳ ಹಸ್ತಪ್ರತಿಯನ್ನು ಓದಿ, ಅದರಲ್ಲಿಯೇ ಮುನ್ನುಡಿಯೊಂದನ್ನು ಬರೆದು, ಅಚ್ಚುಮಾಡಿಸೆಂದು ಒತ್ತಾಯಿಸಿದ್ದಳು. ಲೇಡಿ ಮೇರಿ ಒಪ್ಪದೆ ಸುಮಾರು ೪೦ ವರ್ಷ ಅದನ್ನು ಜೊತೆಯಲ್ಲಿ ಹೊತ್ತು ತಿರುಗಿದಳು. ೧೭೬೧ರಲ್ಲಿ ಸ್ವದೇಶಕ್ಕೆ ಮರಳುವಾಗ, ರಾಟರ್‌ಡ್ಯಾಮಿನಲ್ಲಿ ಸೌಡನ್ ಎಂಬ ಇಂಗ್ಲಿಷ್ ಪಾದ್ರಿಗೆ ಆ ಹಸ್ತಪ್ರತಿಯನ್ನು ಒಪ್ಪಿಸಿ, ಅವನ ಇಷ್ಟದಂತೆ ವಿನಿಯೋಗಿಸಲು ಬಿಟ್ಟಳು. ಮನೆತನದವರ ಕೈಗೆ ಸಿಕ್ಕಿದರೆ ಅದು ಉಳಿಯದೆಂಬುದು ಆಕೆಗೆ ತಿಳಿದಿತ್ತೆಂದು ಊಹಿಸಲು ಕಾರಣವಿದೆ. ಅಳಿಯ ಬ್ಯೂಟ್ ೧೭೬೨ರಲ್ಲಿ ಪ್ರಧಾನಮಂತ್ರಿಯಾಗಿದ್ದನು. ಕುಟುಂಬದವರು ಪಾದ್ರಿಯಿಂದ ಹಸ್ತಪ್ರತಿಯನ್ನು ಹಿಂದಕ್ಕೆ ಪಡೆದರು. ಆದರೂ ೧೭೬೩ರಲ್ಲಿ ಪತ್ರಗಳು ಅಚ್ಚಾಗಿ ಹೊರಬಂದವು. ಇಂಗ್ಲೆಂಡಿನಲ್ಲಿಯೇ ಉಳಿದ ದಿನಚರಿಯ ಗತಿ ಬೇರೆಯಾಯಿತು: ಲೇಡಿ ಬ್ಯೂಟ್ ತಾನು ಸಾಯುವ ಮುನ್ನ ಅದನ್ನು ಸುಟ್ಟುಹಾಕಿದಳು. ಮನೆಯಲ್ಲಿ ಇಟ್ಟದ್ದು ಬೂದಿಯಾಯಿತು. ಪರದೇಶದಲ್ಲಿ ಪರರ ಕೈಗೆ ಕೊಟ್ಟದ್ದು ಉಳಿಯಿತು.